ಸರ್ವರ್‌ನ ಹಳೇ ಸ್ಟೋರೇಜ್ ಕಾರ್ಡ್ ಹೊಸ ಮದರ್‌ಬೋರ್ಡಿನಲ್ಲಿ ಏಳದಿದ್ದರೆ: ಎಲ್ಲಿ ನಿಂತಿದೆ ಅಂತ ಹುಡುಕುವ ಕ್ರಮ

ಒಂದೇ ಮೆಷಿನ್‌ಗೆ ತುಂಬಾ ಡಿಸ್ಕ್ ಜೋಡಿಸಲು ಸರ್ವರ್‌ನಲ್ಲಿ ಬಳಸುವ ಕಾರ್ಡ್ ಇದು. ಮಂಗಳೂರು, ಉಡುಪಿ ಕಡೆ ಈ ಕಾರ್ಡ್‌ಗಳ ಹಿಂದೆ ಬೀಳುವವರು ಹೆಚ್ಚಾಗಿ ಎರಡು ಬಗೆಯವರು. ಮೊದಲನೆಯವರು ಮದುವೆ ಫೋಟೋ, ವಿಡಿಯೋ ಮಾಡುವ ಸ್ಟುಡಿಯೋದವರು. ಒಂದು ಸೀಸನ್ ಮುಗಿಯುವಷ್ಟರಲ್ಲಿ ಅವರ ಮೇಜಿನ ಮೇಲೆ ಹಾರ್ಡ್ ಡಿಸ್ಕ್ ರಾಶಿ ಬಿದ್ದಿರುತ್ತದೆ. ರಾತ್ರಿಯಿಡೀ ಯಕ್ಷಗಾನ ರೆಕಾರ್ಡ್ ಮಾಡುವವರ ಪಾಡೂ ಅದೇ. ಎರಡನೆಯವರು ಮಣಿಪಾಲ, ಸುರತ್ಕಲ್ ಕಡೆಯ ಕಾಲೇಜು ಹುಡುಗರು. ರೂಮಿನಲ್ಲೇ ಒಂದು ಸ್ಟೋರೇಜ್ ಸರ್ವರ್ ಕಟ್ಟಬೇಕು ಅನ್ನುವ ಹುಚ್ಚು ಅವರದ್ದು.

ಹೊಸ ಬೋರ್ಡಿನಲ್ಲಿ ಡಿಸ್ಕ್ ಸಿಕ್ಕಿಸಲು ಇರುವುದು ನಾಲ್ಕೇ ಸಾಟಾ ಪೋರ್ಟ್. ಹಾಕಬೇಕಾದ್ದು ಎಂಟು ಡಿಸ್ಕ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲೋ ಆನ್‌ಲೈನಿನಲ್ಲೋ ಸರ್ವರ್‌ನಿಂದ ಬಿಚ್ಚಿದ ಕಾರ್ಡ್ ಅಗ್ಗಕ್ಕೆ ಸಿಗುತ್ತದೆ. ತಂದು ಸಿಕ್ಕಿಸುತ್ತಾರೆ. ಸ್ಕ್ರೀನ್ ಕಪ್ಪು. ತಕ್ಷಣ ಫೋನ್: "ಕಾರ್ಡ್ ಹೋಗಿದೆ ಮಾರಾಯ್ರೆ, ನಮಗೆ ಟೋಪಿ ಹಾಕಿದ್ರು."

ಹೆಚ್ಚಿನ ಸಲ ಕಾರ್ಡ್ ಹೋಗಿರುವುದಿಲ್ಲ. ಅದು ಸರ್ವರ್‌ಗೆಂದು ಮಾಡಿದ ಕಾರ್ಡ್, ಅಷ್ಟೆ. ಅಲ್ಲಿ ಅದರ ಜತೆ ಮಾತಾಡಲು ಬೇರೆಯೇ ತಂತಿ ಇತ್ತು. ಅದರ ಬೂಟ್ ಪ್ರೋಗ್ರಾಂ ಓಡಿಸುವ ಹಳೇ ಬಯಾಸ್ (ಮೆಷಿನನ್ನು ಎಬ್ಬಿಸುವ, ಬೋರ್ಡಿನೊಳಗಿನ ಪ್ರೋಗ್ರಾಂ) ಇತ್ತು. ಸ್ಲಾಟಿನಲ್ಲಿ ಡೇಟಾ ಓಡಾಡಲು ಎಂಟು ಲೇನ್ ಇತ್ತು. ಜೆಟ್ ವಿಮಾನದಂತೆ ಕಿರುಚುವ ಫ್ಯಾನ್‌ಗಳೂ ಇದ್ದವು. ಮನೆ ಬೋರ್ಡಿನಲ್ಲಿ ಇವು ಒಂದೂ ಇರುವ ಖಾತ್ರಿ ಇಲ್ಲ. ಹಾಗಾಗಿ "ಕಾರ್ಡ್ ಒಳ್ಳೇದಾ, ಕೆಟ್ಟದ್ದಾ" ಅಂತ ಕೇಳಿಕೊಂಡು ಕೂರಬೇಡಿ. "ಯಾವ ಹಂತದಲ್ಲಿ ನಿಂತಿತು" ಅಂತ ಕೇಳಿ. ಅದು ಗೊತ್ತಾದರೆ ಮದ್ದು ತಾನಾಗಿ ಗೊತ್ತಾಗುತ್ತದೆ.

ಕೈಯಲ್ಲಿರುವುದು ಯಾವ ಕಾರ್ಡ್?

ಮಾರುಕಟ್ಟೆಯಲ್ಲಿ ಓಡಾಡುವುದರಲ್ಲಿ ಹೆಚ್ಚಿನವು ಎಲ್‌ಎಸ್‌ಐ ಚಿಪ್ ಇರುವಂಥವು. ಹೊರಗಡೆ ಡೆಲ್ ಎಚ್310, ಐಬಿಎಂ ಎಂ1015, ಎಲ್‌ಎಸ್‌ಐ 9211-8ಐ ಅಂತ ಬೇರೆ ಬೇರೆ ಹೆಸರು. ಒಳಗೆ ಎಲ್ಲದರಲ್ಲೂ ಒಂದೇ ಎಸ್‌ಎಎಸ್2008 ಚಿಪ್. 9207-8ಐ ಅಂದರೆ ಅದರ ಮುಂದಿನ 2308. 9300-8ಐ ಅಂದರೆ 3008. ಎಲ್‌ಎಸ್‌ಐಯನ್ನು 2014ರಲ್ಲಿ ಅವಾಗೊ ಕೊಂಡಿತು. ಅವಾಗೊ 2016ರಲ್ಲಿ ಬ್ರಾಡ್‌ಕಾಮನ್ನು ಕೊಂಡು ಅದೇ ಹೆಸರು ಇಟ್ಟುಕೊಂಡಿತು. ಅದಕ್ಕೇ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಪ್ರೋಗ್ರಾಂ) ಹುಡುಕುವಾಗ ಬ್ರಾಡ್‌ಕಾಮ್ ಹೆಸರಿನಲ್ಲಿ ಹುಡುಕಬೇಕು.

ಇದಕ್ಕೂ ಹಳೆಯದು 1068ಇ ಚಿಪ್. ಡೆಲ್ ಪರ್ಕ್ 5ಐ, 6ಐ ಕಾರ್ಡ್‌ಗಳ ಕಾಲದ್ದು. ಇವು ಯಾವುದೂ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲಾರವು. 8 ಟಿಬಿ ಡಿಸ್ಕ್ ಹಾಕಿದರೂ 2 ಟಿಬಿ ಅಂತಲೇ ಕುಳಿತಿರುತ್ತದೆ. ಸೆಟ್ಟಿಂಗ್ ತಡಕಾಡಿ ಪ್ರಯೋಜನ ಇಲ್ಲ. ಈ ಕಾರ್ಡ್ ಸುಮ್ನೆ ಕೊಟ್ಟರೂ ಬೇಡ. ಎಕ್ಸ್‌ಪ್ರೆಸ್ ಅಲ್ಲದ ಹಳೇ ಪಿಸಿಐ ಕಾರ್ಡ್‌ಗಳ ಮಾತೂ ಇಲ್ಲಿಗೆ ಬಿಡೋಣ. ಆ ಸ್ಲಾಟೇ ಈಗಿನ ಹೆಚ್ಚಿನ ಬೋರ್ಡಿನಲ್ಲಿ ಇಲ್ಲ.

ಇನ್ನೊಂದು ಎಚ್ಚರಿಕೆ. ಹಳೇ ಮೆಷಿನ್‌ನಲ್ಲಿ ಇದೇ ಕಾರ್ಡಿನ ಮೇಲೆ ರೇಡ್ (ಹಲವು ಡಿಸ್ಕ್ ಸೇರಿಸಿ ಒಂದೇ ಆಗಿ ನಡೆಸುವುದು) ಕಟ್ಟಿ ಡೇಟಾ ಇಟ್ಟಿದ್ದರೆ, ಮೊದಲು ಹಳೇ ಮೆಷಿನ್‌ನಲ್ಲೇ ಅದನ್ನು ಬೇರೆ ಡಿಸ್ಕಿಗೆ ಕಾಪಿ ಮಾಡಿ. ಕೆಳಗೆ ಹೇಳುವ ಫರ್ಮ್‌ವೇರ್ ಬದಲಾವಣೆ ಮಾಡಿದ ಮೇಲೆ ಕಾರ್ಡಿಗೆ ಆ ರೇಡ್ ಗುರುತು ಸಿಗುವುದಿಲ್ಲ.

ಮೊದಲು ಬರೀ ಕಾರ್ಡ್

ಕಾರ್ಡ್ ತೆಗೆದಿಡಿ. ಬೋರ್ಡ್ ಒಂಟಿಯಾಗಿ ಸರಿಯಾಗಿ ಏಳುತ್ತದಾ ನೋಡಿ. ಬಯಾಸ್ ಹೊಸ ಆವೃತ್ತಿಗೆ ಏರಿಸುವುದಿದ್ದರೆ ಈಗಲೇ ಏರಿಸಿ. ಡಿಡಿಆರ್5 ಬೋರ್ಡ್ ಆದರೆ ಒಂದು ಮಾತು ನೆನಪಿರಲಿ: ಬಯಾಸ್ ಬದಲಾದ ಮೇಲೆ ಅಥವಾ ಸಿಮಾಸ್, ಅಂದರೆ ಬಯಾಸಿನ ಸೆಟ್ಟಿಂಗ್, ಕ್ಲಿಯರ್ ಆದ ಮೇಲೆ ಮೊದಲ ಸಲ ಆನ್ ಮಾಡಿದಾಗ ಅದು ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ತಾಳ್ಮೆ ಇಲ್ಲದೆ ಸ್ವಿಚ್ ಒತ್ತಿದರೆ ಇಲ್ಲದ ದೋಷ ಹುಡುಕಿದ ಹಾಗಾಗುತ್ತದೆ.

ಆಮೇಲೆ ಕಾರ್ಡ್ ಹಾಕಿ. ಡಿಸ್ಕ್ ಬೇಡ, ಡಾಟಾ ಕೇಬಲ್ ಬೇಡ. ಬರೀ ಕಾರ್ಡ್. ಆನ್ ಮಾಡಿ ಎರಡು ಕಡೆ ನೋಡಬೇಕು.

ಒಂದು, ಕಾರ್ಡಿನ ಮೇಲಿನ ಪುಟ್ಟ ಎಲ್‌ಇಡಿ. 2008 ಚಿಪ್ಪಿನ ಹೆಚ್ಚಿನ ಕಾರ್ಡ್‌ಗಳಲ್ಲಿ ಇದು ಇರುತ್ತದೆ. ಫರ್ಮ್‌ವೇರ್ ಓಡುತ್ತಿದ್ದರೆ ಹಸಿರು ದೀಪ ಒಂದೇ ಲಯದಲ್ಲಿ ಮಿಣುಕುತ್ತದೆ. ಮಿಣುಕಿದರೆ ಕಾರ್ಡ್ ಜೀವಂತ ಅಂತ ಲೆಕ್ಕ. ಅಂಗಡಿಯವರ ಜತೆ ಜಗಳಕ್ಕೆ ಹೋಗುವ ಮೊದಲು ಇದೊಂದನ್ನು ನೋಡಿದರೆ ಸಾಕು.

ಎರಡು, ಬೋರ್ಡಿನ ಮೂಲೆಯಲ್ಲಿರುವ ಸಾಲು ದೀಪಗಳು. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ನಾಲ್ಕು ಇರುತ್ತವೆ. ಯಾವುದು ಹತ್ತಿಕೊಂಡೇ ಉಳಿಯಿತು ಅನ್ನುವುದೇ ನಮ್ಮ ಸುಳಿವು. ದುಬಾರಿ ಬೋರ್ಡ್ ಆದರೆ ಎರಡಂಕಿಯ ಕೋಡ್ ತೋರಿಸುವ ಡಿಸ್‌ಪ್ಲೇ ಇರುತ್ತದೆ. ಅದಿದ್ದರೆ ಇನ್ನೂ ಸುಲಭ.

ಡಿರ‍್ಯಾಮ್ ದೀಪದಲ್ಲಿ ನಿಂತರೆ

ಎಲ್ಲರನ್ನೂ ದಾರಿ ತಪ್ಪಿಸುವ ದೋಷ ಇದೇ. ಹಾಕಿದ್ದು ಸ್ಟೋರೇಜ್ ಕಾರ್ಡ್, ಬೋರ್ಡ್ ದೂರುವುದು ರ‍್ಯಾಮನ್ನು. ರ‍್ಯಾಮ್ ಸ್ಟಿಕ್ ತೆಗೆದು ಉಜ್ಜಿ ಹಾಕುತ್ತಾರೆ, ಸ್ಲಾಟ್ ಬದಲಿಸುತ್ತಾರೆ, ಅಂಗಡಿಯಿಂದ ಹೊಸ ಸ್ಟಿಕ್ ತರುತ್ತಾರೆ. ಕಾರ್ಡ್ ತೆಗೆದರೆ ಎಲ್ಲ ಸರಿ. ಕೆಲವು ಬೋರ್ಡ್‌ಗಳಲ್ಲಿ ಏಳುತ್ತದೆ, ಆದರೆ ಅರ್ಧ ರ‍್ಯಾಮ್ ಮಾಯ.

ಕಾರಣ ಎಸ್‌ಎಂಬಸ್ ಅನ್ನುವ ಸಣ್ಣ ಎರಡು ತಂತಿಯ ದಾರಿ. ಪ್ರತಿ ರ‍್ಯಾಮ್ ಸ್ಟಿಕ್‌ನಲ್ಲೂ ಒಂದು ಪುಟ್ಟ ಚಿಪ್ ಇರುತ್ತದೆ. ತನ್ನ ಗಾತ್ರ ಎಷ್ಟು, ವೇಗ ಎಷ್ಟು ಅಂತ ಅದು ಬೋರ್ಡಿಗೆ ಹೇಳುವುದು ಈ ದಾರಿಯಲ್ಲೇ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನ ಎರಡು ಪಿನ್‌ಗಳಿಗೂ ಇದೇ ತಂತಿ ಹೋಗಿರಬಹುದು. ಸರ್ವರ್‌ನಲ್ಲಿ ಕಾರ್ಡಿನ ಯೋಗಕ್ಷೇಮ ವಿಚಾರಿಸಲು ಈ ಪಿನ್‌ಗಳನ್ನು ಬಳಸುತ್ತಿದ್ದರು. ಮನೆ ಬೋರ್ಡಿನಲ್ಲಿ ರ‍್ಯಾಮ್ ಮಾತಾಡುವ ಹೊತ್ತಿಗೆ ಕಾರ್ಡೂ ನಡುವೆ ಬಾಯಿ ಹಾಕುತ್ತದೆ. ಬೋರ್ಡಿಗೆ ಯಾರ ಮಾತೂ ಕೇಳಿಸುವುದಿಲ್ಲ. ರ‍್ಯಾಮೇ ಇಲ್ಲ ಅಂತ ತೀರ್ಮಾನಿಸುತ್ತದೆ. ಡೆಲ್ ಪರ್ಕ್ ಕಾರ್ಡ್‌ಗಳಲ್ಲಿ, ಎಚ್310ರಲ್ಲಿ ಇದು ಜಾಸ್ತಿ.

ಮದ್ದು: ಆ ಎರಡು ಪಿನ್ ಮುಚ್ಚಿಬಿಡುವುದು. ಡಿಸ್ಕ್ ಓದುವ ಬರೆಯುವ ಕೆಲಸಕ್ಕೆ ಅವು ಬೇಕಾಗಿಲ್ಲ.

ಕಾರ್ಡನ್ನು ಚಿಪ್ ಇರುವ ಮುಖ ನಿಮ್ಮ ಕಡೆ ಬರುವಂತೆ, ಚಿನ್ನದ ಬಣ್ಣದ ಹಲ್ಲುಗಳು ಕೆಳಗೆ ಇರುವಂತೆ ಹಿಡಿಯಿರಿ. ಕಬ್ಬಿಣದ ಪಟ್ಟಿ ಎಡಕ್ಕೆ ಬರುತ್ತದೆ. ಹಲ್ಲಿನ ಸಾಲಿನಲ್ಲಿ ಒಂದು ಕಚ್ಚು ಇದೆಯಲ್ಲ, ಅದಕ್ಕೂ ಪಟ್ಟಿಗೂ ನಡುವಿನ ಚಿಕ್ಕ ತುಂಡಿನಲ್ಲಿ 11 ಪಿನ್ ಜಾಗ ಇದೆ. ಪಟ್ಟಿಯ ಕಡೆಯಿಂದ ಎಣಿಸಿ. ಮೊದಲ ಮೂರು 12 ವೋಲ್ಟ್, ನಾಲ್ಕನೆಯದು ಗ್ರೌಂಡ್. ಐದು ಮತ್ತು ಆರು ನಮಗೆ ಬೇಕಾದ್ದು. ಕೆಲವು ಕಾರ್ಡ್‌ಗಳಲ್ಲಿ ಬಳಸದ ಪಿನ್‌ಗೆ ಹಲ್ಲೇ ಇರುವುದಿಲ್ಲ, ಜಾಗ ಖಾಲಿ ಬಿಟ್ಟಿರುತ್ತಾರೆ. ಆ ಖಾಲಿ ಜಾಗವನ್ನೂ ಎಣಿಕೆಗೆ ಸೇರಿಸಿಕೊಳ್ಳಿ.

ಒಂದು ಪಿನ್‌ನಿಂದ ಇನ್ನೊಂದಕ್ಕೆ 1 ಮಿಲಿಮೀಟರ್ ಅಂತರ. ಅಂದರೆ ಟೇಪ್ 2 ಮಿಲಿಮೀಟರ್ ಅಗಲ ಇರಬೇಕು. ಮೊಬೈಲ್ ರಿಪೇರಿಯವರ ಹತ್ತಿರ ಹಳದಿ ಬಣ್ಣದ ಕ್ಯಾಪ್ಟಾನ್ ಟೇಪ್ ಇರುತ್ತದೆ, ಶಾಖಕ್ಕೆ ಕರಗದ್ದು. ಒಂದು ಗೇಣು ಕೇಳಿದರೆ ದುಡ್ಡೂ ತೆಗೆದುಕೊಳ್ಳುವುದಿಲ್ಲ. ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಲ್ಲಿ ಸಣ್ಣ ಪಟ್ಟಿ ಕತ್ತರಿಸಿ. ಚಿಮಟದಲ್ಲಿ ಹಿಡಿದು ಹಲ್ಲಿನ ತುದಿಯಿಂದ ಸ್ವಲ್ಪ ಮೇಲಿನವರೆಗೆ ಅಂಟಿಸಿ. ಉಗುರಿನಿಂದ ಒತ್ತಿ. ಪಕ್ಕದ ನಾಲ್ಕನೇ, ಏಳನೇ ಹಲ್ಲಿನ ಮೇಲೆ ಹತ್ತಬಾರದು. ಸ್ಲಾಟಿಗೆ ಇಳಿಸುವಾಗ ನೇರವಾಗಿ ಇಳಿಸಿ. ಓರೆಯಾಗಿ ತಳ್ಳಿದರೆ ಟೇಪ್ ಸುರುಳಿ ಸುತ್ತಿಕೊಂಡು ಸ್ಲಾಟಿನೊಳಗೆ ಕೂರುತ್ತದೆ. ಸೆಲ್ಲೋ ಟೇಪ್ ಬೇಡವೇ ಬೇಡ. ನಮ್ಮ ಊರಿನ ಸೆಕೆಗೆ ಅದರ ಗೋಂದು ಕರಗಿ ಅಕ್ಕಪಕ್ಕ ಹರಡುತ್ತದೆ.

ಟೇಪ್ ಹಾಕಿದ ಮೇಲೂ ಡಿರ‍್ಯಾಮ್ ದೀಪ ಆರದಿದ್ದರೆ ಎಣಿಕೆ ಇನ್ನೊಮ್ಮೆ ನೋಡಿ. ಚಿಪ್ ಇಲ್ಲದ ಹಿಂಬದಿಗೆ ಅಂಟಿಸಿದವರು ಬೇಕಾದಷ್ಟು ಜನ ಇದ್ದಾರೆ.

ವಿಜಿಎ ದೀಪ

ಇದು ಚಿಕ್ಕ ವಿಷಯ. ಮೊದಲ ದೊಡ್ಡ ಸ್ಲಾಟಿಗೆ ಏನಾದರೂ ಹಾಕಿದರೆ ಅದು ಗ್ರಾಫಿಕ್ಸ್ ಕಾರ್ಡೇ ಇರಬೇಕು ಅಂದುಕೊಂಡು ಕೆಲವು ಬೋರ್ಡ್‌ಗಳು ಒಳಗಿನ ಡಿಸ್‌ಪ್ಲೇಯನ್ನು ಆಫ್ ಮಾಡುತ್ತವೆ. ಕಾರ್ಡ್ ತೆಗೆದು ಬಯಾಸಿಗೆ ಹೋಗಿ. ಪ್ರೈಮರಿ ಡಿಸ್‌ಪ್ಲೇ ಅನ್ನುವಲ್ಲಿ ಒಳಗಿನ ಗ್ರಾಫಿಕ್ಸ್ ಅಂತ ಕೈಯಾರೆ ಆರಿಸಿ. ಆಟೋ ಬಿಡಬೇಡಿ. ಹೆಸರಿನ ಕೊನೆಗೆ ಎಫ್ ಇರುವ ಇಂಟೆಲ್ ಪ್ರೊಸೆಸರ್, ಅಥವಾ ಜಿ ಇಲ್ಲದ ರೈಜನ್ 5000 ಸರಣಿಯದ್ದಾದರೆ ಒಳಗೆ ಗ್ರಾಫಿಕ್ಸೇ ಇಲ್ಲ. ಆಗ ಗ್ರಾಫಿಕ್ಸ್ ಕಾರ್ಡ್ ಮೊದಲ ಸ್ಲಾಟಿಗೆ, ಸ್ಟೋರೇಜ್ ಕಾರ್ಡ್ ಎರಡನೆಯದಕ್ಕೆ.

ಬೂಟ್ ದೀಪ, ಲೋಗೋದಲ್ಲೇ ನಿಲ್ಲುವುದು, ಕೋಡ್ ಬಿ2, ಡಿ4, ಡಿ5

ಕಾರ್ಡಿನೊಳಗೆ ಅದರದ್ದೇ ಒಂದು ಬೂಟ್ ಪ್ರೋಗ್ರಾಂ ಇದೆ. ಆಪ್ಷನ್ ರೋಮ್ ಅನ್ನುತ್ತಾರೆ. ಹಳೇ ಮೆಷಿನ್‌ನಲ್ಲಿ ಆನ್ ಮಾಡಿದ ಕೂಡಲೇ "ಕಂಟ್ರೋಲ್ ಸಿ ಒತ್ತಿ" ಅಂತ ಬರುತ್ತಿತ್ತಲ್ಲ, ಅದೇ. ಅದು ಹಳೇ ಬಗೆಯ ಬಯಾಸಿಗೆ ಬರೆದದ್ದು. ಯುಇಎಫ್‌ಐ, ಅಂದರೆ ಈಗಿನ ಹೊಸ ಬಗೆಯ ಬಯಾಸ್ ಇರುವ ಬೋರ್ಡಿನಲ್ಲಿ ಅದು ಓಡಬೇಕಾದರೆ ಸಿಎಸ್‌ಎಂ ಅನ್ನುವ ಹೊಂದಾಣಿಕೆ ಸೌಲಭ್ಯ ಆನ್ ಇರಬೇಕು. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ, ಒಳಗಿನ ಗ್ರಾಫಿಕ್ಸ್ ಬಳಸಿದರೆ ಹೆಚ್ಚಿನ ಬೋರ್ಡ್ ಸಿಎಸ್‌ಎಂ ಆನ್ ಮಾಡಲು ಬಿಡುವುದೇ ಇಲ್ಲ.

ಇಲ್ಲಿ ಜನ ಎರಡು ಬೇರೆ ತೊಂದರೆಗಳನ್ನು ಒಂದೇ ಅಂದುಕೊಳ್ಳುತ್ತಾರೆ. "ಕಂಟ್ರೋಲ್ ಸಿ ಸ್ಕ್ರೀನೇ ಬರಲಿಲ್ಲ, ಕಾರ್ಡ್ ಹೋಗಿದೆ" ಅನ್ನುವುದು ಒಂದು. ಅದು ತೊಂದರೆಯೇ ಅಲ್ಲ. ಸಿಎಸ್‌ಎಂ ಇಲ್ಲದಿದ್ದರೆ ಆ ಸ್ಕ್ರೀನ್ ಬರುವುದೇ ಇಲ್ಲ. ಆದರೂ ಲಿನಕ್ಸ್ ಅಥವಾ ವಿಂಡೋಸ್ ಏಳುವಾಗ ಡ್ರೈವರ್ ನೇರವಾಗಿ ಕಾರ್ಡನ್ನು ಎಬ್ಬಿಸುತ್ತದೆ. ಆ ಕಾರ್ಡಿಗೆ ಹಾಕಿದ ಡಿಸ್ಕಿನಿಂದಲೇ ಬೂಟ್ ಆಗಬೇಕು ಅಂತಿದ್ದರೆ ಮಾತ್ರ ಆಪ್ಷನ್ ರೋಮ್ ಬೇಕು. ಯಾಕೆ ಬೇಕು ಆ ಉಸಾಬರಿ? ಬೂಟ್ ಆಗಲು ಬೋರ್ಡಿನ ಮೇಲೆ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿ. ಕಾರ್ಡಿಗೆ ಬರೀ ಡೇಟಾ ಡಿಸ್ಕ್.

ಇನ್ನೊಂದು ನಿಜವಾದ ತೊಂದರೆ. ಸಿಎಸ್‌ಎಂ ಆನ್ ಇದೆ, ಬೋರ್ಡ್ ಆ ರೋಮನ್ನು ಓಡಿಸಲು ಹೋಗಿ ಅಲ್ಲೇ ಸಿಕ್ಕಿಬೀಳುತ್ತದೆ. ಎಎಂಐ ಬಯಾಸ್ ಇರುವ ಬೋರ್ಡಿನಲ್ಲಿ ಕೋಡ್ ಬಿ2 ಅಂದರೆ ಹಳೇ ಆಪ್ಷನ್ ರೋಮ್ ಓಡಿಸುವ ಹಂತ. ಡಿ5 ಅಂದರೆ ಅದನ್ನು ಇಡಲು ಜಾಗ ಸಾಲಲಿಲ್ಲ. ಈ ರೋಮ್‌ಗಳಿಗೆಲ್ಲ ಸೇರಿ ಹಳೇ ಪದ್ಧತಿಯಲ್ಲಿ ಮೀಸಲಾದ ಜಾಗ ಬರೀ 128 ಕೆಬಿ. ಗ್ರಾಫಿಕ್ಸ್, ನೆಟ್‌ವರ್ಕ್ ಎಲ್ಲ ಅದರಲ್ಲೇ ಹಂಚಿಕೊಳ್ಳಬೇಕು. ಡಿ4 ಅಂದರೆ ಪಿಸಿಐ ಸಾಧನಗಳಿಗೆ ಹಂಚಲು ವಿಳಾಸ ಸಾಲಲಿಲ್ಲ ಅಂತ. ಇದಕ್ಕೆ 'ಅಬೌವ್ 4ಜಿ ಡಿಕೋಡಿಂಗ್' ಆನ್ ಮಾಡಿ ನೋಡಿ. ಮೊದಲೇ ಆನ್ ಇದ್ದರೆ ರಿಸೈಜಬಲ್ ಬಾರ್ ಆಫ್ ಮಾಡಿ ನೋಡಿ.

ಬಿ2, ಡಿ5ಕ್ಕೆ ಮದ್ದು ಸುಲಭ. ಬಯಾಸಿನಲ್ಲಿ ಸ್ಟೋರೇಜ್ ಆಪ್ಷನ್ ರೋಮ್ ಅಂತ ಒಂದು ಸಾಲು ಇರುತ್ತದೆ, ಸಿಎಸ್‌ಎಂ ಪುಟದ ಒಳಗೆ. ಅದನ್ನು 'ಡು ನಾಟ್ ಲಾಂಚ್' ಅಥವಾ 'ಯುಇಎಫ್‌ಐ ಓನ್ಲಿ' ಮಾಡಿ. ಸಿಎಸ್‌ಎಂ ಪೂರ್ತಿ ಆಫ್ ಮಾಡಿದರೂ ಆಯಿತು. ಆದರೆ ಈಗಿರುವ ವಿಂಡೋಸ್ ಹಳೇ ಎಂಬಿಆರ್ ಪದ್ಧತಿಯಲ್ಲಿ ಭಾಗ ಮಾಡಿದ ಡಿಸ್ಕಿನ ಮೇಲಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ಅದು ಏಳುವುದಿಲ್ಲ. ಮೊದಲೇ ನೋಡಿಕೊಳ್ಳಿ.

ಶಾಶ್ವತ ಪರಿಹಾರ ಬೇಕೆಂದರೆ ಕಾರ್ಡಿನೊಳಗಿಂದಲೇ ಆ ರೋಮ್ ತೆಗೆದುಬಿಡುವುದು. ಕೆಳಗೆ ಫರ್ಮ್‌ವೇರ್ ಬರೆಯುವಾಗ ಹೇಳುತ್ತೇನೆ.

ಬೋರ್ಡ್ ಏಳುತ್ತದೆ, ಕಾರ್ಡ್ ಕಾಣುವುದಿಲ್ಲ

ಪೆನ್‌ಡ್ರೈವ್‌ನಿಂದ ಉಬುಂಟು ಅಥವಾ ಡೆಬಿಯನ್ ಲೈವ್ ಓಡಿಸಿ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡ್ ಕೊಡಿ. ಗುರುತಿನ ಸಂಖ್ಯೆಯನ್ನೂ ತೋರಿಸುವ ಎನ್‌ಎನ್ ಆಯ್ಕೆಯ ಜತೆ. 1000:0072 ಕಂಡರೆ ಅದು 2008 ಚಿಪ್. 1000:0073 ಕಂಡರೆ ಅದೇ ಚಿಪ್, ಆದರೆ ರೇಡ್ ಕೆಲಸದ ಮೆಗಾರೇಡ್ ಫರ್ಮ್‌ವೇರ್. 1000:0087 ಅಂದರೆ 2308. 1000:0097 ಅಂದರೆ 3008. ಇದರಲ್ಲಿ ಒಂದು ಕಂಡಿತೋ, ಕಾರ್ಡ್ ಮತ್ತು ಸ್ಲಾಟ್ ಎರಡೂ ಸರಿ ಇವೆ. ಈ ಭಾಗ ಬಿಟ್ಟು ಮುಂದಕ್ಕೆ ಹೋಗಿ.

ಏನೂ ಕಾಣದಿದ್ದರೆ ಮೊದಲ ಅನುಮಾನ ಸ್ಲಾಟಿನ ಮೇಲೆ. ಬೋರ್ಡಿನ ಪುಸ್ತಕ ತೆಗೆದು ನೋಡಿ. ಎರಡನೇ ಎಂ.2 ಜಾಗದಲ್ಲಿ ಎಸ್‌ಎಸ್‌ಡಿ ಇದ್ದರೆ ಕೆಳಗಿನ ದೊಡ್ಡ ಸ್ಲಾಟ್ ಸತ್ತ ಹಾಗೆ ಅಂತ ಎಷ್ಟೋ ಬೋರ್ಡಿನ ಪುಸ್ತಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಎಸ್‌ಎಸ್‌ಡಿ ತೆಗೆದು ನೋಡಿದರೆ ಗೊತ್ತಾಗುತ್ತದೆ.

ಎರಡನೆಯದು ವೇಗದ ಹೊಂದಾಣಿಕೆ. 2008 ಚಿಪ್ ಪಿಸಿಐ ಎಕ್ಸ್‌ಪ್ರೆಸ್ ಎರಡನೇ ತಲೆಮಾರಿನದು. ಹೊಸ ಸ್ಲಾಟ್ ನಾಲ್ಕನೆಯದೋ ಐದನೆಯದೋ. ಎರಡೂ ಸೇರಿ ತಾವಾಗಿ ಕೆಳಗಿನ ವೇಗಕ್ಕೆ ಇಳಿಯಬೇಕು ಅಂತ ನಿಯಮ. ಕೆಲವು ಸಲ ಆ ಮಾತುಕತೆ ಮುರಿದು ಬೀಳುತ್ತದೆ. ಬಯಾಸಿನಲ್ಲಿ ಆ ಸ್ಲಾಟಿನ ವೇಗವನ್ನು ಆಟೋದಿಂದ 'ಜೆನ್2'ಗೆ ಇಳಿಸಿ. ಒಂದು ಸಲ ಕಾಣುತ್ತದೆ, ಇನ್ನೊಂದು ಸಲ ಕಾಣುವುದಿಲ್ಲ ಅನ್ನುವ ಆಟಕ್ಕೆ ಇದೇ ಮದ್ದು.

ಮೂರನೆಯದು ನಮ್ಮ ಕರಾವಳಿಯದ್ದೇ. ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಒಣಗದ ಗೋಡೆ. ಕಪಾಟಿನಲ್ಲಿ ಒಂದು ಮಳೆಗಾಲ ಕಳೆದ ಕಾರ್ಡಿನ ಹಲ್ಲುಗಳ ಮೇಲೆ ಮಸುಕು ಪದರ ಕೂತಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳಪು ಕಡಿಮೆ ಆದದ್ದು ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಮಾತ್ರ ಪೆನ್ಸಿಲ್ ರಬ್ಬರ್, ಹಗುರ ಕೈಯಲ್ಲಿ. ಆಮೇಲೆ ಮತ್ತೆ ಆಲ್ಕೋಹಾಲ್, ರಬ್ಬರ್ ಪುಡಿ ಉಳಿಯಬಾರದು. ಬೀಚ್ ಹತ್ತಿರದ ಮನೆಗಳಲ್ಲಿ ಸ್ಲಾಟೂ ಹಾಗೇ ಆಗಿರುತ್ತದೆ. ಕಾರ್ಡನ್ನು ನಾಲ್ಕೈದು ಸಲ ಹಾಕಿ ತೆಗೆದರೆ ಅದರ ಸ್ಪ್ರಿಂಗ್‌ಗಳು ತಾವೇ ಉಜ್ಜಿಕೊಳ್ಳುತ್ತವೆ. ಪವರ್ ಕೇಬಲ್ ಕಿತ್ತು ಮಾಡಿ.

ಲೇನ್ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. ಕಾರ್ಡ್ ಎಂಟು ಲೇನಿನದು. ಕೆಳಗಿನ ಉದ್ದ ಸ್ಲಾಟಿನಲ್ಲಿ ನಿಜವಾಗಿ ಇರುವುದು ಹೆಚ್ಚಾಗಿ ನಾಲ್ಕು. ಗಾಬರಿ ಬೇಡ. ಎರಡನೇ ತಲೆಮಾರಿನಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ 500 ಎಂಬಿ. ನಾಲ್ಕಕ್ಕೆ 2000. ಒಂದು ಹಾರ್ಡ್ ಡಿಸ್ಕ್ 200 ಓಡಿದರೆ ಎಂಟಕ್ಕೆ 1600. ಸಾಕಲ್ವಾ? ಒಂದೇ ಲೇನ್ ಇರುವ ಪುಟ್ಟ ಸ್ಲಾಟಿಗೆ ರೈಸರ್ ಹಾಕಿ ಓಡಿಸುವವರೂ ಇದ್ದಾರೆ. ನಡೆಯುತ್ತದೆ, ಆದರೆ ಎಂಟು ಡಿಸ್ಕ್ ಸೇರಿ ಆ 500ನ್ನು ಹಂಚಿಕೊಳ್ಳಬೇಕು. ಯುಎಸ್‌ಬಿ ಕೇಬಲ್ ಇರುವ ಮೈನಿಂಗ್ ರೈಸರ್ ಮಾತ್ರ ಬೇಡ. ಡೇಟಾ ಇಡುವ ಜಾಗದಲ್ಲಿ ಅಂಥ ಜುಗಾಡ್ ಮಾಡಬಾರದು.

ಕಾರ್ಡ್ ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ

ಮೊದಲು ಡಿಮೆಸೇಜ್, ಅಂದರೆ ಲಿನಕ್ಸ್ ಏಳುವಾಗ ಬರೆದಿಡುವ ಸಂದೇಶಗಳನ್ನು ಓದಿ. ಎಂಪಿಟಿ2ಎಸ್‌ಎಎಸ್ ಅಂತ ಶುರುವಾಗುವ ಸಾಲುಗಳಲ್ಲಿ ಫರ್ಮ್‌ವೇರ್ ಆವೃತ್ತಿ ಇರುತ್ತದೆ. ಅದರ ಬದಲು ಅಡಾಪ್ಟರ್ ಮೆಮೊರಿ ಮ್ಯಾಪ್ ಮಾಡಲು ಆಗಲಿಲ್ಲ ಅನ್ನುವ ಸಾಲು ಬಂದರೆ, ಬೋರ್ಡ್ ಕೊಟ್ಟ ವಿಳಾಸವನ್ನು ಲಿನಕ್ಸ್ ಬದಲಿಸಲು ಹೋಗಿ ಕೆಡಿಸಿಕೊಂಡಿದೆ. ಬೂಟ್ ಸಾಲಿಗೆ 'ಪಿಸಿಐ=ರಿಯಲಾಕ್=ಆಫ್' ಸೇರಿಸಿ. ವಿಂಡೋಸಿನಲ್ಲಾದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕೋಡ್ 12 ಬಂದಾಗ ಇದೇ ಬಗೆಯ ವಿಳಾಸದ ಕೊರತೆ ಅಂತ ತಿಳಿಯಿರಿ. ರೆಡ್ ಹ್ಯಾಟ್ ಲಿನಕ್ಸ್ 8ರಿಂದ ಈಚೆಗೆ 2008 ಚಿಪ್ಪಿನ ಬೆಂಬಲ ತೆಗೆದಿದ್ದಾರೆ. ಅಲ್ಲಿ ಕಾಣಲಿಲ್ಲ ಅಂದರೆ ಕಾರ್ಡಿನ ತಪ್ಪಲ್ಲ.

ಡ್ರೈವರ್ ಸರಿ ಇದ್ದೂ ಡಿಸ್ಕ್ ಇಲ್ಲ ಅಂದರೆ ಕೇಬಲ್ ನೋಡಿ. ಒಂದು ಕಡೆ ಅಗಲ ಪ್ಲಗ್, ಇನ್ನೊಂದು ಕಡೆ ನಾಲ್ಕು ಸಾಟಾ ಬಾಲ. ಇದರಲ್ಲಿ ಫಾರ್ವರ್ಡ್, ರಿವರ್ಸ್ ಅಂತ ಎರಡು ಜಾತಿ. ಹೊರಗಿನಿಂದ ಅವಳಿಜವಳಿ. ಕಾರ್ಡಿನಿಂದ ಡಿಸ್ಕಿಗೆ ಹೋಗಲು ಫಾರ್ವರ್ಡ್ ಬ್ರೇಕೌಟ್ ಬೇಕು. ರಿವರ್ಸ್ ಹಾಕಿದರೆ ಏನೂ ಸುಡುವುದಿಲ್ಲ, ಏನೂ ಕಾಣುವುದೂ ಇಲ್ಲ. ಕೊಳ್ಳುವಾಗಲೇ ಬಾಯಿಬಿಟ್ಟು ಕೇಳಿ.

ಡಿಸ್ಕ್ ತಿರುಗುವ ಸದ್ದೇ ಇಲ್ಲವಾ? ಹೊಸ ದೊಡ್ಡ ಡಿಸ್ಕ್ ಕೆಲವುದರಲ್ಲಿ ಪವರ್ ಕನೆಕ್ಟರ್‌ನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗಿಯೇ ಇರುವ ವ್ಯವಸ್ಥೆ ಇದೆ. ಉಳಿದ ಕ್ಯಾಪ್ಟಾನ್ ಟೇಪ್ ಆ ಪಿನ್‌ಗೂ ಆಗುತ್ತದೆ.

ಇಷ್ಟಾದ ಮೇಲೆ ಫರ್ಮ್‌ವೇರ್. ಮೆಗಾರೇಡ್ ಫರ್ಮ್‌ವೇರ್ ಇರುವ ಎಂ1015, ಎಚ್310 ಕಾರ್ಡ್‌ಗಳು ಹೊಸ ಡಿಸ್ಕನ್ನು ನೇರವಾಗಿ ಬಿಟ್ಟುಕೊಡದೇ ಇರಬಹುದು. ಅವನ್ನು ಐಟಿ ಮೋಡ್‌ಗೆ ತರುವುದೇ ಒಳ್ಳೆಯದು. ಅಂದರೆ ಕಾರ್ಡ್ ತನ್ನ ರೇಡ್ ಬುದ್ಧಿ ಬಿಟ್ಟು, ಡಿಸ್ಕನ್ನು ಇದ್ದ ಹಾಗೆ ದಾಟಿಸುತ್ತದೆ. ಇಲ್ಲಿ ಒಂದು ಪೀಕಲಾಟ ಇದೆ. ಎಚ್310, ಎಂ1015ರ ಮೂಲ ಫರ್ಮ್‌ವೇರ್ ಅಳಿಸುವ ಮೆಗಾರೆಕ್ ಟೂಲ್ ಓಡುವುದು ಡಾಸ್‌ನಲ್ಲಿ, ಹಳೇ ಬಯಾಸ್ ಇರುವ ಮೆಷಿನ್‌ನಲ್ಲಿ. ಹೊಸದನ್ನು ಬರೆಯುವ ಎಸ್‌ಎಎಸ್2ಫ್ಲ್ಯಾಶ್ ಟೂಲಿನ ಡಾಸ್ ಆವೃತ್ತಿ ಯುಇಎಫ್‌ಐ ಬೋರ್ಡಿನಲ್ಲಿ ಪಿಎಎಲ್ ಶುರುವಾಗಲಿಲ್ಲ ಅಂತ ದೂರಿ ನಿಲ್ಲುತ್ತದೆ. ಅಲ್ಲಿ ಅದರ ಇಎಫ್‌ಐ ಆವೃತ್ತಿಯೇ ಬೇಕು. ಹಾಗಾಗಿ ಕಾಲೇಜು ಲ್ಯಾಬ್ ಗುಜರಿಗೆ ಹಾಕುವ ಹಳೇ ಡೆಸ್ಕ್‌ಟಾಪ್ ಒಂದನ್ನು ಇಟ್ಟುಕೊಳ್ಳಿ. ಅಳಿಸುವುದನ್ನೂ ಬರೆಯುವುದನ್ನೂ ಅದರಲ್ಲೇ ಮುಗಿಸಿದರೆ ತಲೆನೋವು ಇಲ್ಲ.

ಹೊಸ ಬೋರ್ಡಿನಲ್ಲೇ ಬರೆಯಬೇಕಾದರೆ ಪೆನ್‌ಡ್ರೈವ್ ಫ್ಯಾಟ್32 ಮಾಡಿ ಇಎಫ್‌ಐ ಶೆಲ್ ಹಾಕಿ. ಸೆಕ್ಯೂರ್ ಬೂಟ್ ಆಫ್ ಇರಲಿ, ಇಲ್ಲದಿದ್ದರೆ ಶೆಲ್ಲೇ ಏಳುವುದಿಲ್ಲ. "ಶೆಲ್‌ನಿಂದ ಶುರುವಾಗಿಲ್ಲ" ಅಂತ ಟೂಲ್ ದೂರಿದರೆ ಶೆಲ್ ಆವೃತ್ತಿ ಹೊಸದಾಯಿತು, ಹಳೇ ಒಂದನೇ ಆವೃತ್ತಿಯ ಶೆಲ್ ಹಾಕಿ.

ಅಳಿಸುವ ಮುಂಚೆ ಕಾರ್ಡಿನ ಹಿಂದಿನ ಸ್ಟಿಕ್ಕರ್‌ನಲ್ಲಿರುವ ಎಸ್‌ಎಎಸ್ ವಿಳಾಸದ ಫೋಟೋ ತೆಗೆದಿಡಿ. 5ರಿಂದ ಶುರುವಾಗುವ 16 ಅಕ್ಷರದ ಸಂಖ್ಯೆ. ಕೊನೆಗೆ ಅದನ್ನು ಮತ್ತೆ ಬರೆಯಬೇಕು. ಅಳಿಸಿದ ಮೇಲೆ ಬರೆದು ಮುಗಿಯುವ ತನಕ ಮೆಷಿನ್ ಆಫ್ ಮಾಡಬೇಡಿ. ಮಳೆಗಾಲದ ಸಂಜೆ ಕರೆಂಟ್ ಕಣ್ಣುಮುಚ್ಚಾಲೆ ಆಡುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. 2008 ಚಿಪ್ಪಿಗೆ 20.00.07.00 ಆವೃತ್ತಿ ಬರೆಯಿರಿ. ಅದೇ ಸರಣಿಯ ಮೊದಲಿನ 20.00.00.00 ಬೇಡ, ಅದರಲ್ಲಿ ದೋಷಗಳಿದ್ದವು.

ಮೇಲೆ ಹೇಳಿದ ಆಪ್ಷನ್ ರೋಮ್ ವಿಷಯ ಈಗ. ಬರೆಯುವ ಕಮಾಂಡಿನಲ್ಲಿ ಎಫ್ ಆಯ್ಕೆಗೆ ಫರ್ಮ್‌ವೇರ್ ಫೈಲ್, ಬಿ ಆಯ್ಕೆಗೆ ಬೂಟ್ ರೋಮ್ ಫೈಲ್ ಕೊಡುತ್ತಾರೆ. ಪೂರ್ತಿ ಅಳಿಸಿದ ಕಾರ್ಡಿಗೆ ಬಿ ಆಯ್ಕೆ ಬಿಟ್ಟು ಬರೀ ಫರ್ಮ್‌ವೇರ್ ಬರೆದರೆ ಕಾರ್ಡಿನಲ್ಲಿ ಬೂಟ್ ರೋಮೇ ಇರುವುದಿಲ್ಲ. ಬಿ2, ಡಿ5 ಕಾಟ ಅಲ್ಲಿಗೆ ಮುಗಿಯಿತು. ಸಿಎಸ್‌ಎಂ ಇರುವ ಮೆಷಿನ್‌ಗಳಲ್ಲಿ ಬೂಟ್ ಕೂಡ ಬೇಗ ಆಗುತ್ತದೆ.

ಸುಮಾರು ಹೊತ್ತು ಓಡಿ ಆಮೇಲೆ ಡಿಸ್ಕ್ ಬಿದ್ದುಹೋಗುವುದು

ಬೆಳಗ್ಗೆ ಸರಿ, ಮಧ್ಯಾಹ್ನ ದೊಡ್ಡ ಕಾಪಿ ಹಾಕಿದರೆ ಎಲ್ಲ ಡಿಸ್ಕ್ ಒಟ್ಟಿಗೆ ಮಾಯ. ಒಟ್ಟಿಗೆ ಹೋದರೆ ಕಾರ್ಡ್, ಒಂದೇ ಹೋದರೆ ಕೇಬಲ್ ಅಥವಾ ಡಿಸ್ಕ್. ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಸಾಲು, ಅಂದರೆ ಸಿಆರ್‌ಸಿ ದೋಷದ ಎಣಿಕೆ ಏರುತ್ತಿದ್ದರೆ ಕೇಬಲ್ ಬದಲಿಸಿ.

ಒಟ್ಟಿಗೆ ಹೋಗುವುದಕ್ಕೆ ಕಾರಣ ಹೆಚ್ಚಾಗಿ ಶಾಖ. ಈ ಕಾರ್ಡ್ ತಿನ್ನುವುದು 10 ವ್ಯಾಟ್ ಆಸುಪಾಸು. ಅಷ್ಟೇ ಅಲ್ವಾ ಅನಿಸಬಹುದು. ಆದರೆ ಅದರ ಮೇಲಿನ ಹೀಟ್‌ಸಿಂಕ್ ಸರ್ವರ್ ಫ್ಯಾನಿನ ಗಾಳಿ ನಂಬಿ ಮಾಡಿದ್ದು. 9211-8ಐಗೆ ಬೇಕಾದ ಗಾಳಿ ನಿಮಿಷಕ್ಕೆ 200 ಅಡಿ ವೇಗದ್ದು. ಮನೆ ಕ್ಯಾಬಿನೆಟ್‌ನಲ್ಲಿ, ಗ್ರಾಫಿಕ್ಸ್ ಕಾರ್ಡಿನ ಕೆಳಗಿನ ಮೂಲೆಯಲ್ಲಿ ಗಾಳಿಯೇ ಆಡುವುದಿಲ್ಲ. ಏಪ್ರಿಲ್, ಮೇ ಸೆಕೆಯಲ್ಲಿ ರೂಮೇ ಕುದಿಯುತ್ತಿರುತ್ತದೆ. 2308, 3008 ಚಿಪ್‌ಗಳು ತಮ್ಮ ಬಿಸಿ ಎಷ್ಟು ಅಂತ ಹೇಳುತ್ತವೆ. 2008 ಹೇಳುವುದಿಲ್ಲ. ಹೀಟ್‌ಸಿಂಕ್ ಮೇಲೆ ಬೆರಳು ಇಟ್ಟು ನೋಡಿ. ಎರಡು ಸೆಕೆಂಡ್ ಇಡಲಾಗದಿದ್ದರೆ ಫ್ಯಾನ್ ಬೇಕು.

40 ಎಂಎಂ ಫ್ಯಾನನ್ನು ಹೀಟ್‌ಸಿಂಕಿನ ಎಸಳುಗಳ ನಡುವೆ ಸ್ಕ್ರೂ ತಿರುಗಿಸಿ ಕೂರಿಸಬಹುದು. ಜಾಗ ಇದ್ದರೆ 80 ಎಂಎಂನ ನಿಧಾನ ಫ್ಯಾನ್ ಪಕ್ಕದಲ್ಲಿ ಕಟ್ಟಿದರೆ ಸದ್ದು ಕಡಿಮೆ. ಹತ್ತು ವರ್ಷ ದಾಟಿದ ಕಾರ್ಡಿನ ಒಳಗಿನ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತದೆ. ಅದನ್ನೂ ಬದಲಿಸಿ. ಹೀಟ್‌ಸಿಂಕ್ ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಹಳತಾಗಿ ಪುಡಿಯಾಗುತ್ತವೆ, ಹಿಂದಿನಿಂದ ಇಕ್ಕಳದಲ್ಲಿ ಮೆಲ್ಲ ಒತ್ತಿ. ಬಿಗಿಯಾಗಿ ಅಂಟಿದ್ದರೆ ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ತಿರುಚಿ ಬಿಡಿಸಿ. ಮೀಟಿ ಎಬ್ಬಿಸಿದರೆ ಚಿಪ್ಪೇ ಕಿತ್ತು ಬರುತ್ತದೆ.

ಇಷ್ಟೆಲ್ಲ ಬೇಕಾ?

ಎಂಟು ಡಿಸ್ಕ್ ಇದ್ದರೆ ಬೇಕು. ಎಸ್‌ಎಎಸ್ (ಸರ್ವರ್ ಬಗೆಯ) ಡಿಸ್ಕ್ ಇದ್ದರೆ ಬೇರೆ ದಾರಿಯೇ ಇಲ್ಲ. ಬರೀ ಎರಡೋ ಮೂರೋ ಸಾಟಾ ಪೋರ್ಟ್ ಸಾಲದು ಅನ್ನುವವರಿಗೆ ನಾನು ಈ ಕಾರ್ಡ್ ಹೇಳುವುದಿಲ್ಲ. ಎಎಸ್‌ಎಂ1166 ಚಿಪ್ಪಿನ ಕಾರ್ಡ್ ತನ್ನಿ, ಆರು ಸಾಟಾ ಪೋರ್ಟ್ ಸಿಗುತ್ತದೆ. ಜೆಎಂಬಿ585 ಆದರೆ ಐದು. ಎರಡೂ ಮೂರನೇ ತಲೆಮಾರಿನ ಎರಡು ಲೇನ್‌ನಲ್ಲಿ ಓಡುತ್ತವೆ, ಫ್ಯಾನ್ ಬೇಡ, ಫರ್ಮ್‌ವೇರ್ ಅಳಿಸುವ ಗೋಜಿಲ್ಲ, ಟೇಪ್ ಬೇಡ. ಒಂದೇ ದೊಡ್ಡ ಸ್ಲಾಟ್ ಇರುವ ಎಚ್610 ಬೋರ್ಡಿನವರಿಗೆ ಎಂ.2 ಜಾಗಕ್ಕೆ ಸಿಕ್ಕಿಸುವ ಎಎಸ್‌ಎಂ1166 ಕಾರ್ಡೂ ಸಿಗುತ್ತದೆ. ಅದರ ಹಲಗೆ ತೆಳು. ಕೇಬಲ್ ಸಿಕ್ಕಿಸುವಾಗ ಕೆಳಗೊಂದು ಬೆರಳು ಕೊಟ್ಟು ಹಿಡಿಯಿರಿ.